ತುಮಕೂರಲ್ಲಿ ಇದ್ಕೊಂಡು ಸೇಲಿಂಗ್ ಕಲಿಯೋದು ಹೆಂಗೆ? ಅನುಭವ ಇರೋರು ಹೇಳಿ

ಶಿರಾಗೇಟ್: ವಯಸ್ಸು 36, ತುಮಕೂರಲ್ಲಿ ಕೆಲ್ಸ, ಭಾನುವಾರ ಒಂದೇ ರಜ, ವರ್ಷಕ್ಕೆ ಒಂದು ವಾರ ಲೀವ್ ಹಾಕ್ಬೋದು. ಹಾಯಿದೋಣಿ ಸರಿಯಾಗಿ ಕಲೀಬೇಕು, ಮುಂದೆ ಕರಾವಳಿಯಲ್ಲಿ ಸ್ವಂತವಾಗಿ ನಡೆಸೋ ಮಟ್ಟಕ್ಕೆ. ಬಜೆಟ್ 50 ಸಾವಿರ. ಈಜು ಅಷ್ಟಕ್ಕಷ್ಟೆ. ಕೆರೇಲಿ ಸಣ್ಣ ದೋಣಿಯಿಂದ ಶುರು ಮಾಡ್ಲಾ, ನೇರ ಸಮುದ್ರಕ್ಕೆ ಹೋಗ್ಲಾ?

ಚಿಂತಾಮಣಿ_ಹುಡ್ಗ: ಗುರು, ಹೈದರಾಬಾದ್ ಬಸ್ ಹತ್ತು. ನಾನು ಹುಸೇನ್ ಸಾಗರ ಕೆರೇಲೇ ಕಲ್ತಿದ್ದು. ಮಳೆಗಾಲದಲ್ಲೇ ಹೋಗ್ಬೇಕು, ಜೂನ್ ಜುಲೈನಲ್ಲಿ ಗಾಳಿ ಚೆನ್ನಾಗಿರತ್ತೆ, ರೆಗಟ್ಟಾ (ಹಾಯಿದೋಣಿ ರೇಸು) ನಡೆಯೋದೂ ಆವಾಗ್ಲೇ. ಫೀಸು 14 ಸಾವಿರ, ಲಾಡ್ಜ್ ದಿನಕ್ಕೆ 1,100, ಗ್ಲೌಸ್ 1,800, ಅದೂ ಎರಡನೇ ಜೊತೆ ತಗೋಬೇಕಾಯ್ತು ಯಾಕಂದ್ರೆ ಮೊದಲನೇದರ ಅಂಗೈ ಶೀಟ್ (ಹಾಯಿ ಎಳೆಯೋ ಹಗ್ಗ) ಎಳೆದೂ ಎಳೆದೂ ಹರಿದೇ ಹೋಯ್ತು. ಒಂದ್ಸಲ ಗಾಳಿ ಹಠಾತ್ತಾಗಿ ತಿರುಗಿ ಬೂಮ್ (ಹಾಯಿಯ ಕೆಳಗಿನ ಅಡ್ಡ ಕಂಬ) ಬಂದು ಹುಬ್ಬಿಗೆ ಬಡೀತು, ಹೊಲಿಗೆ, ಇಂಜೆಕ್ಷನ್ನು ಎಲ್ಲಾ ಸೇರಿ 3,200. ದೋಣಿ ಮಗುಚಿದಾಗ ಸೆಂಟರ್‌ಬೋರ್ಡ್ (ದೋಣಿ ತಳದಿಂದ ನೀರಿಗೆ ಇಳಿಯೋ ಹಲಗೆ) ಮೇಲೆ ನಿಂತು ಎಷ್ಟೇ ಜಗ್ಗಿದ್ರೂ ಏಳಲ್ಲ, ನೋಡಿದ್ರೆ ಶೀಟು, ಹಗ್ಗ ಕಚ್ಚಿ ಹಿಡಿಯೋ ಕ್ಲೀಟ್‌ನಲ್ಲೇ ಕಚ್ಕೊಂಡಿತ್ತು, ಹಾಯಿ ತುಂಬಾ ನೀರು. ಅದನ್ನ ಬಿಡಿಸಿದ ತಕ್ಷಣ ಒಂದೇ ಏಟಿಗೆ ಎದ್ದು ನಿಲ್ತು. ಇದು ಯಾವ ವಿಡಿಯೋ ನೋಡಿದ್ರೂ ತಲೆಗೆ ಹೋಗಲ್ಲ, ಕೈಗೇ ಬರ್ಬೇಕು. ಮನೇಲಿ ಈಗ್ಲೂ ಆ ದುಡ್ಡಿನ ಮಾತು ಎತ್ತುತಾರೆ. ಎತ್ಲಿ.

ಬಂಗಾರಪೇಟೆ_ಲೇಸರ್: ಅಣ್ಣ ಕೋರ್ಸಿಗೆ ಸುರೀಬೇಡಿ, ದೋಣಿ ತಗೊಳ್ಳಿ. ನಾನು ಚೆನ್ನೈ ಕಡೆಯಿಂದ ಹಳೇ ಲೇಸರ್ (ಒಬ್ರೇ ನಡೆಸೋ ಸಣ್ಣ ಹಾಯಿದೋಣಿ) ತಂದೆ, 85 ಸಾವಿರ, ಟೆಂಪೋ ಬಾಡಿಗೆ 16,500, ಲೋಡಿಂಗಿಗೆ 2,000 ಬೇರೆ. ಮನೆ ಮುಂದೆ ಇಳಿಸಿ ನೋಡಿದ್ರೆ ಹಾಯಿಕಂಬ, ಅಂದ್ರೆ ಮಾಸ್ಟ್‌ನ ಮೇಲಿನ ತುಂಡು ರಿವೆಟ್ ಹತ್ರ ಬಿರುಕು ಬಿಟ್ಟೈತೆ, ಮಾರಿದೋನು ಫೋನೇ ಎತ್ತಲ್ಲ. ಹಲ್ (ದೋಣಿಯ ಒಡಲು) 59 ಕೆಜಿ ಇರ್ಬೇಕು, ಒಳಗೆ ನೀರು ಕುಡಿದು ನಾಲ್ಕು ಜನ ಹಿಡಿದ್ರೂ ಏಳ್ತಿರ್ಲಿಲ್ಲ, ಡ್ರೈನ್ ಪ್ಲಗ್ ತೆಗೆದು ಓರೆಯಾಗಿ ನಿಲ್ಸಿ ರಾತ್ರಿಯೆಲ್ಲ ಬಸಿದ್ವಿ. ಫೈಬರ್ ಕೆಲ್ಸ 22 ಸಾವಿರ, ಮಾಸ್ಟು 19 ಸಾವಿರ. ಅಷ್ಟಾದ್ಮೇಲೆ ಕೆರೆಗೆ ಇಳಿಸೋಕೆ ಪರ್ಮಿಷನ್ ಕೇಳಿದ್ರೆ ಆ ಆಫೀಸ್‌ನೋರು ಈ ಆಫೀಸು, ಈ ಆಫೀಸ್‌ನೋರು ಆ ಆಫೀಸು. ಈಗ ದೋಣಿ ಶೆಡ್ಡಲ್ಲೈತೆ. ಆದ್ರೂ ದೋಣಿ ನಂದು, ಅದರ ಒಂದೊಂದು ಬ್ಲಾಕು (ರಾಟೆ) ಹಗ್ಗ ನಾನೇ ಬಿಚ್ಚಿ ಕಟ್ಟಿದೀನಿ, ಕೋರ್ಸ್ ಮಾಡ್ದೋರಿಗೆ ಅದು ಬರಲ್ಲ.

ಚಿಂತಾಮಣಿ_ಹುಡ್ಗ: ಶೆಡ್ಡಲ್ಲಿ ಗಾಳಿ ಹೆಂಗೆ ಓದ್ತೀರಾ ಸಾರ್? ದೋಣಿ ಗಾಳಿಗೆ ಎದುರಾಗಿ ಸುಮಾರು 45 ಡಿಗ್ರಿಗಿಂತ ಹತ್ರ ಹೋಗಲ್ಲ ಅನ್ನೋದನ್ನ ನೀರಲ್ಲಿ ನಿಂತ್ಹೋದಾಗ್ಲೇ ಕಲಿಯೋದು.

ಗೌರಿಬಿದನೂರು_ಸ್ಕಿಪ್ಪರ್: ಇಬ್ರೂ ಅವರನ್ನ ದಾರಿ ತಪ್ಪಿಸ್ತಿದೀರಿ. ಸಮುದ್ರಕ್ಕೆ ಹೋಗೋರಿಗೆ ಕೆರೆ ಯಾಕ್ರೀ? ನಾನು ಥಾಯ್ಲೆಂಡ್‌ಗೆ ಹೋಗಿ ಆರ್‌ವೈಎ (ಬ್ರಿಟನ್ನಿನ ಸೇಲಿಂಗ್ ಸಂಸ್ಥೆ) ಕಾಂಪಿಟೆಂಟ್ ಕ್ರೂ (ದೋಣಿ ಸಿಬ್ಬಂದಿ ತರಬೇತಿ) ಮಾಡ್ದೆ, ಐದು ದಿನದ ಕೋರ್ಸು, ಟಿಕೆಟ್ಟು ಊಟ ಎಲ್ಲಾ ಸೇರಿ 1 ಲಕ್ಷದ 64 ಸಾವಿರ. ಮೊದಲ್ನೇ ದಿನ ಕುಡಿದ ನೀರೂ ಹೊಟ್ಟೇಲಿ ನಿಲ್ಲಲಿಲ್ಲ. ಆದ್ರೆ ಅಲ್ಲಿ ಕಲ್ತಿದ್ದು ಇದು: ಆ್ಯಂಕರ್ (ಲಂಗರು) ಹಾಕೋವಾಗ ನೀರಿನ ಆಳದ ನಾಲ್ಕೈದು ಪಟ್ಟು ಚೈನ್ ಬಿಡ್ಬೇಕು, ಉಬ್ಬರ ಬಂದ್ರೆ ಆ ಲೆಕ್ಕ ಬದಲಾಗತ್ತೆ, ರಾತ್ರಿ ಎದುರಿಗೆ ಕೆಂಪು ದೀಪ ಕಂಡ್ರೆ ಅದು ಆ ಹಡಗಿನ ಎಡಗಡೆ, ಹಸಿರು ಕಂಡ್ರೆ ಬಲಗಡೆ. ಕೆರೇಲಿ ಇದ್ರಲ್ಲಿ ಯಾವುದು ಸಿಗತ್ತೆ?

ಚಿಂತಾಮಣಿ_ಹುಡ್ಗ: ಹತ್ತು ಜನದ ದೋಣೀಲಿ ವಿಂಚ್ (ಹಗ್ಗ ಸುತ್ತೋ ಉರುಳೆ) ತಿರುಗಿಸಿ ಬಂದು ಸ್ಕಿಪ್ಪರ್ (ದೋಣಿ ನಾಯಕ) ಅಂತ ಹೆಸ್ರು ಬೇರೆ. ನೇಹಾ ಠಾಕೂರ್ ಮಧ್ಯಪ್ರದೇಶದ ಹುಡುಗಿ, ಭೋಪಾಲ್‌ನ ಕೆರೇಲಿ ಕಲ್ತು 2023ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದ್ಲು. ಆ ರಾಜ್ಯಕ್ಕೆ ಸಮುದ್ರವೇ ಇಲ್ಲ. ನಮ್ಮ ಬಯಲುಸೀಮೆಯೋರಿಗೆ ಇದಕ್ಕಿಂತ ಏನು ಬೇಕು?

ಗೌರಿಬಿದನೂರು_ಸ್ಕಿಪ್ಪರ್: ಅದು ರೇಸು. ದಡ ಕಾಣ್ತಿರತ್ತೆ, ಪಕ್ಕದಲ್ಲಿ ರೆಸ್ಕ್ಯೂ ಬೋಟ್ ಇರತ್ತೆ. ಒಬ್ರೇ ಹಾಯಿದೋಣೀಲಿ ಪ್ರಪಂಚ ಸುತ್ತೋ ಗೋಲ್ಡನ್ ಗ್ಲೋಬ್ ರೇಸಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿಯವರ ಮಾಸ್ಟ್ 2018ರಲ್ಲಿ ಹಿಂದೂ ಮಹಾಸಾಗರದ ಮಧ್ಯೆ ಮುರೀತು, ಬೆನ್ನಿಗೆ ಏಟಾಗಿ ದಿನಗಟ್ಟಲೆ ಎದ್ದೇಳೋಕೂ ಆಗ್ಲಿಲ್ಲ. ಅಂಥವರು ಮತ್ತೆ ಹೋಗಿ 2023ರಲ್ಲಿ ಅದೇ ಗೋಲ್ಡನ್ ಗ್ಲೋಬ್ ರೇಸ್ ಎರಡನೇಯವರಾಗಿ ಮುಗಿಸಿದ್ರು. ಸೀಮನ್‌ಶಿಪ್ ಅಂದ್ರೆ ಅದು.

ಮಲ್ಪೆ_ಟು_ತಿಪಟೂರು: ಮಾರಾಯ್ರೆ, ಆ ಜನ ಕರಾವಳಿ ಅಂತ ಕೇಳಿದ್ದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. ಹೈದರಾಬಾದಿನ ಕೆರೆಗೆ ಒಳ್ಳೆ ಗಾಳಿ ಅಂತ ನೀವು ಹೇಳುವ ಹೊತ್ತಿಗೆ ನಮ್ಮ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಬಾಗಿಲಲ್ಲಿ ತೆರೆ ಒಡೀತಾ ಇರ್ತದೆ. ನನ್ನ ಅಪ್ಪ ದೋಣಿ ಕಳಕೊಂಡದ್ದು ಅಲ್ಲಿಯೇ, ದಡ ಕಾಣುವ ಜಾಗದಲ್ಲಿ. ಸಾಲ ತೀರಿಸ್ಲಿಕ್ಕೆ ಮನೆಯ ಹಿಂದಿನ ಜಾಗ ಹೋಯಿತು. ಮೊದಲು ಗಂಟು ಕಲೀರಿ. ದೋಣಿ ನಿಲ್ಲಿಸುವ ಧಕ್ಕೆಗೆ ಕಟ್ಟುವಾಗ ಬೋಲೈನ್ (ಜಾರದ ಕುಣಿಕೆ ಗಂಟು) ಸಾಕು ಅಂತ ಎಲ್ಲರೂ ಹೇಳ್ತಾರೆ, ಹಗ್ಗ ಬಿಗಿದಿರುವಾಗ ಅದನ್ನು ಬಿಚ್ಚಲಿಕ್ಕೆ ಆಗುವುದಿಲ್ಲ. ಎರಡು ಸುತ್ತು ಹಾಕಿ ಎರಡು ಹಿಚ್ (ಅರ್ಧ ಗಂಟು) ಹಾಕಿದ್ರೆ ಎಳೆತದಲ್ಲೂ ಬಿಚ್ಚಬಹುದು.

ಗೌರಿಬಿದನೂರು_ಸ್ಕಿಪ್ಪರ್: ಬೋಲೈನ್ ಬೇಡ ಅಂತೀರಾ? ಪ್ರಪಂಚದ ಎಲ್ಲಾ ಕೋರ್ಸಲ್ಲೂ ಮೊದಲು ಹೇಳಿಕೊಡೋದೇ ಅದು.

ಮಲ್ಪೆ_ಟು_ತಿಪಟೂರು: ಬೇಡ ಅಂದದ್ದು ಎಲ್ಲಿ? ಓದಿ ಮಾತಾಡಿ.

ಶಿರಾಗೇಟ್: ಎಲ್ರಿಗೂ ಥ್ಯಾಂಕ್ಸ್. ಈಜು ಪೂರ್ತಿ ಬರ್ಲೇಬೇಕಾ? ಭಾನುವಾರ ಒಂದೇ ರಜ ಇರೋನಿಗೆ ಯಾವುದಾಗತ್ತೆ?

ಬಂಗಾರಪೇಟೆ_ಲೇಸರ್: ಅದಕ್ಕೇ ಅಣ್ಣ ಸ್ವಂತ ದೋಣಿ ಅಂದಿದ್ದು. ಪರ್ಮಿಷನ್ ಸಿಕ್ಕಿದ್ರೆ ಪ್ರತಿ ಭಾನುವಾರ ನಮ್ಮ ಕೆರೇಲೇ ಇಳಿಸ್ಬೋದು, ಕೆ.ಸಿ. ವ್ಯಾಲಿ ನೀರು ಬಂದ್ಮೇಲೆ ತುಂಬೈತೆ.

ಚಿಂತಾಮಣಿ_ಹುಡ್ಗ: ಮಗುಚಿದಾಗ ಬಾಯಿಗೆ ಹೋಗೋದು ಆ ನೀರೇ. ಬೆಂಗಳೂರಿನ ಕೊಳಚೆ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಬಿಡೋದು, ಮೂರನೇ ಹಂತಕ್ಕೆ ಎಷ್ಟು ವರ್ಷದಿಂದ ಹೋರಾಟ ನಡೀತಿದೆ ಗೊತ್ತಿಲ್ವಾ?

ಬಂಗಾರಪೇಟೆ_ಲೇಸರ್: ನಿಮ್ಮ ಜಿಲ್ಲೆಗೂ ಎಚ್.ಎನ್. ವ್ಯಾಲಿಯಿಂದ ಬರೋದು ಅದೇ ನೀರು. ಸಾವಿರ ಅಡಿ ಬೋರು ಕೊರೆಸಿ ಖಾಲಿ ಪೈಪ್ ನೋಡಿದೋನು ನಾನು, ಕೆರೇಲಿ ನೀರು ನಿಂತಿರೋದನ್ನ ಬೈದ್ರೆ ಸುಮ್ನಿರಲ್ಲ.

ಚಿಂತಾಮಣಿ_ಹುಡ್ಗ: ನಾನೂ ರೈತನ ಮಗನೇ. ನೀರು ಬೇಡ ಅಂದಿಲ್ಲ, ಶುದ್ಧ ಮಾಡಿ ಕೊಡಿ ಅಂತಿದೀನಿ.

ಮಲ್ಪೆ_ಟು_ತಿಪಟೂರು: ಶಿರಾಗೇಟ್‌ನವರೇ, ಲೈಫ್ ಜಾಕೆಟ್ ಹಾಕಿಕೊಂಡು ಬಟ್ಟೆ ಸಮೇತ 50 ಮೀಟರ್ ಈಜಲಿಕ್ಕೆ ಬಂದರೆ ಶುರು ಮಾಡಬಹುದು. ಆ ಭಾನುವಾರಗಳನ್ನು ಮೊದಲು ತುಮಕೂರಿನಲ್ಲೇ ಸ್ವಿಮ್ಮಿಂಗ್ ಪೂಲಿಗೆ ಕೊಡಿ, ಲೀವ್ ಹಾಕುವ ವಾರ ಆಮೇಲೆ ನೋಡುವ.

ಗೌರಿಬಿದನೂರು_ಸ್ಕಿಪ್ಪರ್: ಎರಡು ಸುತ್ತು ಎರಡು ಹಿಚ್ ಗಂಟು ನೈಲಾನ್ ಹಗ್ಗದಲ್ಲಿ ಅಲುಗಾಡ್ತಾ ಸಡಿಲ ಆಗತ್ತೆ, ಅದನ್ನೂ ಹೇಳಿ ಅವರಿಗೆ.