ಕಡಲಂಚಿನ ಕಾಲೇಜು ಹಾಸ್ಟೆಲ್: ಏಪ್ರಿಲಿನಲ್ಲಿ ಬಾವಿ ಸವುಳು, ಜೂನಿನಲ್ಲಿ ಕಾಂಪೋಸ್ಟ್ ಗುಂಡಿ ಕೆರೆ. ಯಾವುದಕ್ಕೆ ಮೊದಲು ಕೈ ಹಾಕಬೇಕು?

ಕಾಳಿ_ದಂಡೆ ಕೇಳಿದ್ದು:

ಕಾರವಾರದ ಹತ್ತಿರ, ಸಮುದ್ರದಿಂದ 400 ಮೀಟರ್ ಒಳಗಿರುವ ಪದವಿ ಕಾಲೇಜು. ಹಾಸ್ಟೆಲಿನಲ್ಲಿ 180 ವಿದ್ಯಾರ್ಥಿಗಳು. ತರಗತಿ ಕಟ್ಟಡದ ಆರ್‌ಸಿಸಿ ಛಾವಣಿ 800 ಚದರ ಮೀಟರ್. ತೆರೆದ ಬಾವಿ ಒಂದೇ, ಅದಕ್ಕೆ 5 ಎಚ್‌ಪಿ ಪಂಪು, ದಿನಕ್ಕೊಮ್ಮೆ ಬೆಳಿಗ್ಗೆ ಓಡಿಸುತ್ತಾರೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್ ಜನವರಿಯಲ್ಲಿ 180 ತೋರಿಸುತ್ತಿತ್ತು, ಮೇ ಮೊದಲ ವಾರ 1400 ದಾಟಿದೆ.

ಅಡುಗೆಮನೆಯ ಹಸಿ ಕಸ ದಿನಕ್ಕೆ 30 ಕೆ.ಜಿ. ಇದು ಏಳು ದಿನ ತೂಗಿದ ಸರಾಸರಿ, ಮೀನಿನ ತ್ಯಾಜ್ಯವೂ ಸೇರಿದೆ. ಕಾಂಪೋಸ್ಟ್ ಗುಂಡಿ ಇದೆ, ಆದರೆ ಜೂನ್ 15ರ ಹೊತ್ತಿಗೆ ಅದರಲ್ಲಿ ಬರೀ ನಾರುವ ನೀರು. 20 ಕಿಲೋವಾಟ್ ಸೋಲಾರ್ ಹಾಕುವ ಮಾತೂ ನಡೆದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ 7ನೇ ಮಾನದಂಡದಡಿ ತೋರಿಸಬಹುದೆಂದು ಆಡಳಿತ ಮಂಡಳಿ ಒಂದಿಷ್ಟು ಹಣ ತೆಗೆದಿಟ್ಟಿದೆ. ಹಿಂದಿನ ಗುಡ್ಡದ ಮೇಲೆ ಹತ್ತು ಇಂಗುಗುಂಡಿ ತೋಡಿಸೋಣ ಎನ್ನುತ್ತಿದ್ದಾರೆ. ಅದನ್ನೇ ಮೊದಲು ಮಾಡುವುದು ಸರಿಯೇ?

ಚಿರೇಕಲ್ಲು ಉತ್ತರ:

ಬೇಡ. ಇಂಗುಗುಂಡಿ ಬಯಲುಸೀಮೆಗೆ ಹೇಳಿ ಮಾಡಿಸಿದ ಉಪಾಯ. ಅಲ್ಲಿ ಮಳೆ ಕಡಿಮೆ, ಅಂತರ್ಜಲ ಆಳದಲ್ಲಿ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿರೇಕಲ್ಲಿನ (ಜಂಬಿಟ್ಟಿಗೆಯ) ನೆಲ ಜರಡಿಯ ಹಾಗೆ, ಬಿದ್ದದ್ದನ್ನು ತಾನೇ ಕುಡಿಯುತ್ತದೆ. ಜುಲೈಗೆ ನಿಮ್ಮ ಬಾವಿ ಕಟ್ಟೆಯ ಹತ್ತಿರದವರೆಗೆ ತುಂಬಿರುತ್ತದೆ. ತುಂಬಿದ ಬಾವಿಗೆ ಇನ್ನಷ್ಟು ಇಂಗಿಸಿದರೆ ಅದು ಸಮುದ್ರಕ್ಕೆ ಸೇರುತ್ತದೆ, ಮಾರ್ಚ್‌ವರೆಗೆ ನಿಮಗಾಗಿ ಕಾದು ಕೂರುವುದಿಲ್ಲ. ನಿಮಗೆ ಮಳೆಯ ಕೊರತೆಯಿಲ್ಲ. ಏಪ್ರಿಲ್-ಮೇ ಎರಡು ತಿಂಗಳ ಕುಡಿಯುವ ನೀರು ಮತ್ತು ಬಾವಿಯಿಂದ ಎತ್ತುವ ರೀತಿ, ಇವೆರಡೇ ನಿಮ್ಮ ಸಮಸ್ಯೆ.

ಎತ್ತುವ ರೀತಿಯಿಂದ ಶುರು ಮಾಡಿ, ಇದಕ್ಕೆ ಖರ್ಚು ಬಹಳ ಕಡಿಮೆ. ಕಡಲಂಚಿನ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರಬಹುದು ಎಂಬುದು ಲೆಕ್ಕ. ಇದೇ ಲೆಕ್ಕ ತಿರುಗಿಯೂ ಹೊಡೆಯುತ್ತದೆ: ಮೇಲಿನ ಮಟ್ಟ ಒಂದು ಅಡಿ ಇಳಿದು ಹಾಗೇ ನಿಂತರೆ ಕೆಳಗಿನ ಉಪ್ಪಿನ ಗಡಿ 40 ಅಡಿ ಏರುವ ಕಡೆಗೆ ಹೊರಡುತ್ತದೆ. 5 ಎಚ್‌ಪಿ ಪಂಪು ಬಾವಿಯನ್ನು ಒಂದೇ ಉಸಿರಿಗೆ ಎಳೆದಾಗ ಉಪ್ಪುನೀರು ಶಂಕುವಿನ ಆಕಾರದಲ್ಲಿ ಬಾವಿಯ ತಳಕ್ಕೆ ಎದ್ದು ಬರುತ್ತದೆ. ಪಂಪು ನಿಂತ ಮೇಲೂ ಅದು ಇಳಿಯಲು ಬಹಳ ದಿನ ಬೇಕು.

ಹಾಗಾಗಿ 1 ಎಚ್‌ಪಿ ಪಂಪು ಕೂರಿಸಿ. ಒಂದು ಗಂಟೆ ಓಡಿಸಿ, ಎರಡು ಗಂಟೆ ಬಿಡಿ. 180 ಜನಕ್ಕೆ ತಲಾ 135 ಲೀಟರ್ ಹಿಡಿದರೆ ದಿನಕ್ಕೆ ಸುಮಾರು 24,000 ಲೀಟರ್. ಇದನ್ನು ಐದಾರು ಕಂತಿನಲ್ಲಿ ಎತ್ತಿ. ಫುಟ್‌ವಾಲ್ವ್ (ಹೀರುವ ಕೊಳವೆಯ ಬಾಯಿಯ ಕವಾಟ) ತಳದಲ್ಲಿ ಕೂತಿದ್ದರೆ ಮೊದಲು ಬಾಯಿಗೆ ಸಿಗುವುದೇ ಉಪ್ಪುನೀರು. ಮೆದು ಕೊಳವೆಗೆ ಖಾಲಿ ಕ್ಯಾನು ಕಟ್ಟಿ, ಹೀರುವ ಬಾಯಿ ಯಾವಾಗಲೂ ಮೇಲ್ಮೈಯಿಂದ ಒಂದು ಮೀಟರ್ ಕೆಳಗೇ ತೇಲುವಂತೆ ಮಾಡಿ.

ಸೋರಿಕೆ ಹಿಡಿಯುವುದೂ ಇದೇ ವಾರದ ಕೆಲಸ. ರಾತ್ರಿ 11ಕ್ಕೆ ಓವರ್‌ಹೆಡ್ ಟ್ಯಾಂಕಿನೊಳಗೆ ಕೋಲು ಇಳಿಸಿ ಗುರುತು ಮಾಡಿ, ಬೆಳಗಿನ ಜಾವ 4ಕ್ಕೆ ಮತ್ತೆ ನೋಡಿ. 2 ಮೀಟರ್ ಅಗಲ, 3 ಮೀಟರ್ ಉದ್ದದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 60 ಲೀಟರ್. ಎಲ್ಲರೂ ಮಲಗಿರುವಾಗ 10 ಸೆಂ.ಮೀ. ಇಳಿದಿದ್ದರೆ ಅಷ್ಟೂ ಸೋರಿಕೆ, ಅದರಲ್ಲೂ ಹೆಚ್ಚಿನದು ಫ್ಲಶ್ ಟ್ಯಾಂಕಿನ ರಬ್ಬರ್ ವಾಷರಿನಿಂದ. ನಲ್ಲಿ ತೊಟ್ಟಿಕ್ಕುವುದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸಿಸ್ಟರ್ನಿಗೆ ನಾಲ್ಕು ಹನಿ ನೀಲಿ ಶಾಯಿ ಹಾಕಿ ಹದಿನೈದು ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಬೋಗುಣಿಯಲ್ಲಿ ನೀಲಿ ಬಂದರೆ ವಾಷರ್ ಹೋಗಿದೆ.

ಇನ್ನು ಕುಡಿಯುವ ನೀರು. ಕುಡಿಯಲು, ಅಡುಗೆಗೆ ತಲಾ 5 ಲೀಟರ್ ಎಂದರೆ ದಿನಕ್ಕೆ 900 ಲೀಟರ್. 50,000 ಲೀಟರ್ ಟ್ಯಾಂಕಿದ್ದರೆ 55 ದಿನ, ಏಪ್ರಿಲ್ ಮತ್ತು ಮೇ ಬಹುತೇಕ ದಾಟುತ್ತದೆ. ಇಡೀ ಬಳಕೆಯನ್ನು ಟ್ಯಾಂಕಿನಿಂದ ತೂಗಿಸಲು ಹೋಗಬೇಡಿ, ನಾಲ್ಕು ತಿಂಗಳಿಗೆ ಸುಮಾರು 29 ಲಕ್ಷ ಲೀಟರ್ ಬೇಕಾಗುತ್ತದೆ. ಹಣವೂ ಸಾಲದು, ಜಾಗವೂ ಸಾಲದು.

ಬೆಟ್ಟದ_ಬುಡ ಉತ್ತರ:

ಇಂಗುಗುಂಡಿ ಬೇಡ ಎಂಬ ಮಾತಿಗೆ ಇನ್ನೂ ಗಟ್ಟಿಯಾದ ಕಾರಣವೊಂದು ಸೇರಿಸುತ್ತೇನೆ. ಹಿಂದಿನ ಗುಡ್ಡದ ಮೇಲೆ ಎಂದು ಬರೆದಿದ್ದೀರಿ. ಕಟ್ಟಡಕ್ಕೆ ಜಾಗ ಮಾಡಲು ಆ ಗುಡ್ಡದ ಬುಡ ಕತ್ತರಿಸಿದ್ದರೆ, ದಯವಿಟ್ಟು ಅದರ ನೆತ್ತಿಯಲ್ಲಿ ಒಂದೇ ಒಂದು ಗುಂಡಿಯನ್ನೂ ತೋಡಬೇಡಿ. ಮೇಲೆ ಗಟ್ಟಿ ಚಿರೇಕಲ್ಲು ಕಂಡರೂ ಅದರಡಿ ಮೆದು ಜೇಡಿ ಪದರ ಇರುತ್ತದೆ. ಮೇಲಿನಿಂದ ಇಂಗಿದ ನೀರು ಆ ಜೇಡಿಯ ಮೇಲೆ ನಿಲ್ಲುತ್ತದೆ, ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಬುಡದ ಆಸರೆ ಮೊದಲೇ ಹೋಗಿದ್ದರೆ ಗುಡ್ಡ ಜಾರುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂತು. ಈ ಜಿಲ್ಲೆಯಲ್ಲಿ ಇಳಿಜಾರಿನ ಮೇಲೆ ನೀರು ನಿಲ್ಲಿಸುವ ಯಾವ ಯೋಜನೆಗೂ ಭೂವಿಜ್ಞಾನ ಬಲ್ಲವರು ಬಂದು ನೋಡದೆ ಒಪ್ಪಿಗೆ ಕೊಡಬಾರದು.

ಆ ಹಣದಲ್ಲಿ ಕತ್ತರಿಸಿದ ಅಂಚಿನಿಂದ ಹಿಂದಕ್ಕೆ, ಮೇಲುಭಾಗದಲ್ಲಿ, ಕಲ್ಲು ಕಟ್ಟಿದ ಚರಂಡಿ ಮಾಡಿಸಿ. ಗುಡ್ಡದ ನೀರನ್ನು ಅದು ಸುತ್ತು ಬಳಸಿ ಹಳ್ಳಕ್ಕೆ ಸಾಗಿಸಲಿ. ಮಣ್ಣಿನ ಚರಂಡಿಯಾದರೆ ಅದೇ ಇಂಗುಗುಂಡಿಯ ಕೆಲಸ ಮಾಡುತ್ತದೆ. ತಡೆಗೋಡೆ ಇದ್ದರೆ ಅದರ ನೀರುಕಿಂಡಿಗಳಲ್ಲಿ ಮೇ ತಿಂಗಳೊಳಗೆ ಸರಳು ಆಡಿಸಿ ಮಣ್ಣು ತೆಗೆಯಿರಿ. ನೆತ್ತಿಯ ಬಳಿ ನೆಲದಲ್ಲಿ ಬಿರುಕು ಕಂಡರೆ, ಮರ ಅಥವಾ ಕಂಬ ವಾಲಿದ್ದರೆ, ಗೋಡೆಯ ಕಿಂಡಿಯಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತೇ ಹೋದರೆ, ಅತ್ತ ಕಡೆಯ ಕೋಣೆಗಳನ್ನು ಅದೇ ಗಳಿಗೆ ಖಾಲಿ ಮಾಡಿಸಿ.

ಕಾಳಿ_ದಂಡೆ:

ಗುಡ್ಡದ ಬುಡ ಕತ್ತರಿಸಿದ್ದು ಹೌದು. ಈ ಉತ್ತರವನ್ನೇ ಮುದ್ರಿಸಿ ಸಭೆಗೆ ಒಯ್ಯುತ್ತೇನೆ. 50,000 ಲೀಟರ್ ಟ್ಯಾಂಕನ್ನು ನೆಲದಡಿ ಹೂಳಬಹುದೇ? ಕಸಕ್ಕೆ ಬಯೋಗ್ಯಾಸ್ ನಮ್ಮಲ್ಲಿ ನಡೆಯುತ್ತದೆಯೇ? ಕ್ಯಾಂಪಸ್ಸಿನಲ್ಲಿ ಅಕೇಸಿಯಾ ಮರಗಳು ಬಹಳ, ತರಗೆಲೆಗೆ ಬರವಿಲ್ಲ. ಈಗ ಅದನ್ನು ಸುಡುತ್ತಾರೆ.

ದರಕು_ಶಿರಸಿ ಉತ್ತರ:

ನಡೆಯುತ್ತದೆ. 10 ಕೆ.ಜಿ. ಅಡುಗೆಮನೆ ಕಸಕ್ಕೆ ಸುಮಾರು 1 ಘನ ಮೀಟರ್ ಅನಿಲ ಹಿಡಿಯಿರಿ. ನಿಮ್ಮ 30 ಕೆ.ಜಿ.ಗೆ 3 ಘನ ಮೀಟರ್, ಅಂದರೆ ದಿನಕ್ಕೆ 1.3 ಕೆ.ಜಿ.ಯಷ್ಟು ಎಲ್‌ಪಿಜಿ ಉಳಿತಾಯ. ತಿಂಗಳಿಗೆ 19 ಕೆ.ಜಿ.ಯ ಎರಡು ವಾಣಿಜ್ಯ ಸಿಲಿಂಡರ್. ಇದಕ್ಕಿಂತ ಹೆಚ್ಚು ಬರುತ್ತದೆ ಎನ್ನುವ ಮಾರಾಟಗಾರರಿಂದ ಅದನ್ನು ಬರವಣಿಗೆಯಲ್ಲಿ ಕೇಳಿ.

ಕಸಕ್ಕೆ ಸಮ ನೀರು ಬೆರೆಸಿ, 40 ದಿನ ಒಳಗೆ ನಿಲ್ಲುವಂತೆ ಲೆಕ್ಕ ಹಾಕಿದರೆ ಪಾತ್ರೆ 3 ಘನ ಮೀಟರಿನಷ್ಟು ಬೇಕು. ತೇಲುವ ಡ್ರಮ್ಮಿನಲ್ಲಿ ಅನಿಲ ಹಿಡಿಯುವ ಮಾದರಿ ತೆಗೆದುಕೊಂಡರೆ ಡ್ರಮ್ಮು ಎಫ್‌ಆರ್‌ಪಿಯದೇ (ನಾರು ಬೆರೆಸಿದ ಪ್ಲಾಸ್ಟಿಕ್) ಆಗಿರಲಿ, ಕಡಲ ಗಾಳಿಗೆ ಕಬ್ಬಿಣದ ಡ್ರಮ್ಮು ಬೇಗ ತೂತು ಬೀಳುತ್ತದೆ. ಮೇಲೆ ಚಾವಣಿ ಬೇಕೇ ಬೇಕು. ಇಲ್ಲವಾದರೆ ಡ್ರಮ್ಮಿಗೂ ಗೋಡೆಗೂ ನಡುವಿನ ಸಂದಿಯಿಂದ ಮಳೆನೀರು ಇಳಿದು ಗೊಬ್ಬರದ ರಾಡಿ ತೆಳ್ಳಗಾಗಿ ಅನಿಲ ನಿಲ್ಲುತ್ತದೆ.

ಮೊದಲ ತುಂಬುವಿಕೆ ಬರೀ ಸಗಣಿ ಮತ್ತು ನೀರು, ಸಮಪಾಲು. ಅನಿಲ ಹೊತ್ತಿಕೊಳ್ಳುವವರೆಗೆ ಎರಡು ಮೂರು ವಾರ ಒಂದು ಹಿಡಿ ಅನ್ನವನ್ನೂ ಹಾಕಬೇಡಿ. ಆಮೇಲೆ ದಿನಕ್ಕೆ 5 ಕೆ.ಜಿ., ಪ್ರತಿ ವಾರ 5 ಕೆ.ಜಿ. ಏರಿಸಿ. ಹಾಸ್ಟೆಲುಗಳಲ್ಲಿ ಕೆಡುವುದು ಇಲ್ಲಿಯೇ: ಉದ್ಘಾಟನೆಯ ದಿನವೇ ಉಳಿದ ಅನ್ನವನ್ನೆಲ್ಲ ಸುರಿಯುತ್ತಾರೆ. ಅನ್ನ ಬೇಗ ಹುಳಿಯುತ್ತದೆ, ಅನಿಲ ಮಾಡುವ ಸೂಕ್ಷ್ಮಜೀವಿಗಳು ಆ ಹುಳಿಯಲ್ಲಿ ಬದುಕುವುದಿಲ್ಲ. ಜ್ವಾಲೆ ಹಿಡಿಯದೆ ಆರಿಹೋಗುವುದು, ಹೊರಬರುವ ರಾಡಿಗೆ ಹುಳಿ ವಾಸನೆ, ಪಿಎಚ್ ಕಾಗದದಲ್ಲಿ 6.5ಕ್ಕಿಂತ ಕೆಳಗೆ, ಇವು ಗುರುತು. ಕೂಡಲೇ ಕಸ ನಿಲ್ಲಿಸಿ ವಾರ ಬಿಡಿ, ಎರಡು ದಿನಕ್ಕೊಮ್ಮೆ ಒಂದು ಬಕೆಟ್ ಸಗಣಿನೀರು ಕೊಡಿ. 7ರ ಹತ್ತಿರ ಬಂದ ಮೇಲೆ ಮತ್ತೆ 5 ಕೆ.ಜಿ.ಯಿಂದ ಶುರು.

ನಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆ, ಪಾತ್ರೆ ತೊಳೆದ ಸೋಪಿನ ನೀರು ಒಳಗೆ ಹೋಗಬಾರದು. ಬಂಗುಡೆ, ತಾರ್ಲೆಯ ತಲೆ-ಕರುಳು ಹತ್ತರಲ್ಲೊಂದು ಪಾಲು ಮೀರದಿರಲಿ. ಸಾರಜನಕ ಹೆಚ್ಚಾಗಿ ಅಮೋನಿಯಾ ಕಟ್ಟಿಕೊಳ್ಳುತ್ತದೆ. ಮಿಕ್ಕ ಮೀನಿನ ಕಸ ಒಣ ಎಲೆಯ ನಡುವೆ ಹೋಗಲಿ, ಮೇಲೆ ಕನಿಷ್ಠ ಒಂದು ಅಡಿ ಎಲೆ ಹೊದಿಸಿ. ಅನಿಲದ ಪೈಪು ಅಡುಗೆಮನೆಗೆ ಹೋಗುವ ದಾರಿಯಲ್ಲಿ ಎಲ್ಲಿಯೂ ಜೋಲಬಾರದು. ಜೋತ ಕಡೆ ನೀರು ಕಟ್ಟಿ ಜ್ವಾಲೆ ಕುಣಿಯುತ್ತದೆ. ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ತಿರುಪು ಇಡಿ.

ತರಗೆಲೆ ಸುಡುವುದನ್ನು ಇವತ್ತೇ ನಿಲ್ಲಿಸಿ. ಮಳೆಗಾಲದ ಕಾಂಪೋಸ್ಟಿಗೆ ಬೇಕಾದ ಒಣ ಸಾಮಾನನ್ನು ಜನವರಿಯಿಂದ ಮಾರ್ಚ್ ಒಳಗೆ ಕೂಡಿಡಬೇಕು. ಮಲೆನಾಡಿನ ಕೊಟ್ಟಿಗೆಗಳಲ್ಲಿ ದರಕು (ಒಣ ತರಗೆಲೆ) ಒಟ್ಟಿಡುವುದು ಇದಕ್ಕೇ. ಬಯೋಗ್ಯಾಸಿನಿಂದ ದಿನಕ್ಕೆ 60 ಲೀಟರ್ ರಾಡಿ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಅದು ತೆಂಗಿನ ಬುಡಕ್ಕೆ ಹೋಗಲಿ. ಜುಲೈನಲ್ಲಿ ನೆಲ ಕುಡಿಯುವುದಿಲ್ಲ, ಸುರಿದದ್ದು ಹರಿದು ಬಾವಿಗೋ ಹಳ್ಳಕ್ಕೋ ಸೇರುತ್ತದೆ. ಆ ನಾಲ್ಕು ತಿಂಗಳು ಚಾವಣಿಯಡಿ, ನೆಲದಿಂದ ಒಂದು ಅಡಿ ಎತ್ತರದ ಕಟ್ಟೆಯ ಮೇಲೆ ಎಲೆಯ ಗುಡ್ಡೆ ಹಾಕಿ ರಾಡಿಯನ್ನು ಅದಕ್ಕೆ ಕುಡಿಸಿ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ಧಾರೆ ಬಂದರೆ ಇನ್ನಷ್ಟು ಎಲೆ ಬೆರೆಸಿ. ಅಕೇಸಿಯಾ ಎಲೆ ಮೇಣದಂತಿದ್ದು ಚಾಪೆಯ ಹಾಗೆ ಅಂಟಿಕೊಳ್ಳುತ್ತದೆ, ಒಳಗೆ ಗಾಳಿ ಆಡುವುದಿಲ್ಲ. ಕತ್ತರಿಸಿ ಹಾಕಿ, ಇಲ್ಲವೇ ಅಡಿಕೆ ಸೋಗೆಯ ತುಂಡು ಬೆರೆಸಿ. ಮುಂದೆ ಮರ ನೆಡುವಾಗ ಅಕೇಸಿಯಾ ಬಿಟ್ಟು ಸುರಹೊನ್ನೆ, ಹೊಂಗೆ, ಮುರುಗಲು ನೆಡಿ. ಮೊದಲೆರಡು ಉಪ್ಪುಗಾಳಿ ತಡೆಯುತ್ತವೆ, ಆದ್ದರಿಂದ ಕಡಲ ಬದಿಯ ಸಾಲಿಗೆ ಅವೇ ಇರಲಿ. ಮುರುಗಲು ಒಳಬದಿಯ ನೆರಳಿಗೆ.

ಉಪ್ಪುಗಾಳಿ ಉತ್ತರ:

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ವರ್ಷದ ಸರಾಸರಿ ಹಿಡಿದರೆ ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು, ಜೂನ್-ಆಗಸ್ಟ್‌ನಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳ ಬಿಲ್ಲು ನೋಡಿ ಹೆಸ್ಕಾಂ ನೆಟ್ ಮೀಟರಿಂಗ್ (ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ವಜಾ ಮಾಡಿಸಿಕೊಳ್ಳುವುದು) ಲೆಕ್ಕ ಹಾಕಬೇಡಿ, ಹನ್ನೆರಡು ತಿಂಗಳದ್ದನ್ನೂ ಮುಂದಿಟ್ಟುಕೊಳ್ಳಿ.

ಕಡಲಿನಿಂದ 400 ಮೀಟರ್ ಎಂದರೆ ಚೌಕಟ್ಟೇ ಮೊದಲು ಹೋಗುತ್ತದೆ, ಪ್ಯಾನೆಲ್ ಅಲ್ಲ. ಟೆಂಡರಿನಲ್ಲಿ ಹೀಗೆ ಬರೆಯಿಸಿ: ಪ್ಯಾನೆಲ್‌ಗೆ ಐಇಸಿ 61701 ಉಪ್ಪುಮಂಜಿನ ಪರೀಕ್ಷೆ, ಚೌಕಟ್ಟಿಗೆ ಕನಿಷ್ಠ 80 ಮೈಕ್ರಾನ್ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದಿದ ಲೇಪ), ಬೋಲ್ಟುಗಳು ಎಸ್‌ಎಸ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. 304 ಬೋಲ್ಟು ನೋಡಲು ಒಂದೇ ತರಹ, ಬೆಲೆಯೂ ಕಡಿಮೆ, ಆದರೆ ಇಲ್ಲಿ ಚಹಾ ಬಣ್ಣಕ್ಕೆ ತಿರುಗಿ ಕಚ್ಚಿಕೊಳ್ಳುತ್ತದೆ. ಅಲ್ಯುಮಿನಿಯಂ ಕಬ್ಬಿಣಕ್ಕೆ ನೇರ ತಾಗುವಲ್ಲಿ ರಬ್ಬರ್ ವಾಷರ್ ಇರಲಿ. ಗ್ಯಾಲ್ವನೈಸ್ ಆದ ಮೇಲೆ ಸ್ಥಳದಲ್ಲಿ ತೂತು ಕೊರೆದರೆ ತುಕ್ಕು ಅಲ್ಲಿಂದಲೇ ಶುರು, ಕೊರೆದ ಬಾಯಿಗೆ ಸತುವಿನ ಬಣ್ಣ ಬಳಿಸಿ. ಕೇಬಲ್ ಜೋಡಣೆಗಳು ಸ್ಲ್ಯಾಬಿನ ಮೇಲೆ ಬಿದ್ದಿರಬಾರದು, ಜುಲೈನಲ್ಲಿ ಅವು ನೀರಲ್ಲಿ ಮುಳುಗಿರುತ್ತವೆ.

ಕುಡಿಯುವ ಮಳೆನೀರು ಹಿಡಿಯುವ ಭಾಗಕ್ಕೂ ಸೋಲಾರ್ ಭಾಗಕ್ಕೂ ನಡುವೆ ಒಂದು ಸಣ್ಣ ಏರಿ ಕಟ್ಟಿಸಿ. ಪ್ಯಾನೆಲ್ ಅಡಿ ಪಾರಿವಾಳ ಸೇರಿಕೊಳ್ಳುತ್ತವೆ.

ಚಿರೇಕಲ್ಲು ಉತ್ತರ:

ಟ್ಯಾಂಕನ್ನು ಹೂಳಬೇಡಿ. ಜುಲೈನಲ್ಲಿ ಅಂತರ್ಜಲ ನೆಲಮಟ್ಟಕ್ಕೆ ಬಂದಾಗ ಖಾಲಿ ಟ್ಯಾಂಕು ದೋಣಿಯಂತೆ ಮೇಲೇಳುತ್ತದೆ. ಪ್ಲಾಸ್ಟಿಕ್ ಆದರೆ ಎದ್ದೇ ಬರುತ್ತದೆ, ಕಾಂಕ್ರೀಟ್ ಆದರೆ ತಳ ಬಿರಿಯುತ್ತದೆ. ಹೂತ ಬಯೋಗ್ಯಾಸ್ ಪಾತ್ರೆಗೂ ಇದೇ ಗತಿ. ನೆಲದ ಮೇಲೆ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಗಾರೆ ಮೆತ್ತಿದ) ಟ್ಯಾಂಕು ಕಟ್ಟಿಸಿ, ಬೆಳಕು ಬೀಳದಂತೆ ಮುಚ್ಚಿ, ಗಾಳಿಕೊಳವೆಗೆ ಸೊಳ್ಳೆಬಲೆ ಬಿಗಿಸಿ.

ಪೈಪಿನ ಲೆಕ್ಕದಲ್ಲಿ ತಪ್ಪುವವರು ಬಹಳ. ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ವ್ಯಾಸದ ಒಂದು ಇಳಿಪೈಪು ಸುಮಾರು 42 ಚದರ ಮೀಟರ್ ಛಾವಣಿಯನ್ನಷ್ಟೇ ತಾಳುತ್ತದೆ. ನಿಮ್ಮ 800ಕ್ಕೆ 19 ಪೈಪು ಬೇಕು. ಆರೋ ಎಂಟೋ ಇದ್ದರೆ ಛಾವಣಿಯ ಮೇಲೆ ನೀರು ನಿಂತು ಸ್ಲ್ಯಾಬು ಸೋರುತ್ತದೆ. ಟ್ಯಾಂಕಿಗೆ 8 ಪೈಪಿನ ನೀರು ಸಾಕು. ಅಂದರೆ 340 ಚದರ ಮೀಟರ್. ನೂರರಲ್ಲಿ 80 ಪಾಲು ಕೈಗೆ ಸಿಕ್ಕರೂ 185 ಮಿ.ಮೀ. ಮಳೆಗೆ 50,000 ಲೀಟರ್ ತುಂಬುತ್ತದೆ.

ಅಷ್ಟು ಕಡಿಮೆ ಮಳೆ ಸಾಕಾಗುವುದರಿಂದ ಜೂನಿನಲ್ಲಿ ಹಿಡಿಯುವ ಅವಸರವಿಲ್ಲ. ಬೇಸಿಗೆಯ ಧೂಳು, ಕಡಲ ಉಪ್ಪು, ಹಕ್ಕಿ ಹಿಕ್ಕೆ ಎರಡು ತಿಂಗಳ ಮಳೆಯಲ್ಲಿ ತೊಳೆದುಹೋಗಲಿ. ಆಗಸ್ಟ್ ಕೊನೆಗೆ ಟ್ಯಾಂಕು ಉಜ್ಜಿ, ಸೆಪ್ಟೆಂಬರಿನಲ್ಲಿ ತುಂಬಿಸಿ. ಎರಡು ದಿನ ಬಿಸಿಲು ಬಿದ್ದು ಮತ್ತೆ ಮಳೆ ಹಿಡಿದರೆ ಮೊದಲ 2 ಮಿ.ಮೀ. ಹೊರಗೆ ಬಿಡಿ, ಪೈಪೊಂದಕ್ಕೆ 84 ಲೀಟರ್ ಆಯಿತು. ಅದನ್ನು ಹಿಡಿಯಲು ಪೈಪಿಗೊಂದು 100 ಲೀಟರ್ ಡ್ರಮ್ಮು ಸಾಕು. ಡ್ರಮ್ಮು ಮೆಲ್ಲಗೆ ಖಾಲಿಯಾಗಲು ತಳದಲ್ಲಿ ಇಡುವ 4 ಮಿ.ಮೀ. ತೂತಿಗೆ ಎಲೆ ಸಿಕ್ಕಿಕೊಳ್ಳುತ್ತದೆ, ವಾರಕ್ಕೊಮ್ಮೆ ತೆಗೆಯುವವರು ಯಾರು ಎಂದು ಹೆಸರು ಬರೆದು ಗೋಡೆಗೆ ಅಂಟಿಸಿ.

ತುಂಬಿದ ಮೇಲೆ ಬ್ಲೀಚಿಂಗ್ ಪುಡಿ 1000 ಲೀಟರಿಗೆ 2.5 ಗ್ರಾಂ, ಒಟ್ಟು 125 ಗ್ರಾಂ. ಬಕೆಟಿನಲ್ಲಿ ಕದಡಿ, ತಿಳಿ ಮಾತ್ರ ಸುರಿಯಿರಿ. ತೆರೆದಿಟ್ಟ ಚೀಲದ ಪುಡಿ ನಮ್ಮ ಗಾಳಿಯ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ, ಹಾಗಾಗಿ ಒಂದು ಗಂಟೆ ಬಿಟ್ಟು ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ ಇದೆಯೇ ಎಂದು ನೋಡಲೇಬೇಕು. ಏಪ್ರಿಲ್ 1ಕ್ಕೆ ನಲ್ಲಿ ತೆರೆಯುವ ಮೂರು ದಿನ ಮೊದಲು ಎಚ್2ಎಸ್ ಸೀಸೆಯಲ್ಲಿ (ಮಲದ ಸೂಕ್ಷ್ಮಜೀವಿ ಸೇರಿದೆಯೇ ಎಂದು ನೋಡುವ ಪರೀಕ್ಷೆಯ ಸೀಸೆ) ನೀರು ತುಂಬಿಸಿಡಿ. 48 ಗಂಟೆಯೊಳಗೆ ಕಪ್ಪಾದರೆ ಮತ್ತೆ ಕ್ಲೋರಿನ್ ಹಾಕಿ, ಇನ್ನೊಂದು ಸೀಸೆ ಇಡಿ. ಅದು ಕಪ್ಪಾಗದೆ ಉಳಿಯುವವರೆಗೆ ಹಾಸ್ಟೆಲಿನಲ್ಲಿ ಕಾಯಿಸಿ ಆರಿಸಿದ ನೀರೇ ಕೊಡಿ.