ಕಟಪಾಡಿಯ ಗದ್ದೆಯಲ್ಲಿ ಕೂತಿರೋ ಹಕ್ಕಿ ಕಂದು ಕಳಿಂಗವಾ, ಇಸಬೆಲಿನ್ ಕಳಿಂಗವಾ?

ಕಟಪಾಡಿ_ಗದ್ದೆಮನೆ:
ನವರಾತ್ರಿ ಹೊತ್ತಿಗೆ ಬಂದ ಕಳಿಂಗ ಹಕ್ಕಿ (ಶ್ರೈಕ್) ಒಂದು ನಮ್ಮ ಗದ್ದೆಯ ಬೇಲಿ ಬಿಟ್ಟು ಹೋಗಿಲ್ಲ. ಬೆಳಗಾದರೆ ಕರಕರ ಅಂತ ಗಲಾಟೆ. ಕಣ್ಣಿಗೆ ಕಪ್ಪು ಪಟ್ಟಿ, ಬೆನ್ನು ಮಸುಕು, ಬಾಲ ಕೊಂಚ ಕೆಂಪು. ಫೋಟೋ ಹಾಕಿದರೆ ಹಕ್ಕಿ ಗುರುತಿಸುವ ಆಪ್ ಇಸಬೆಲಿನ್ ಅನ್ನುತ್ತಿದೆ. ಉಡುಪಿಯ ಹಕ್ಕಿಗಳ ಪಟ್ಟಿಗೆ ಸೇರಿಸಬಹುದಾ?

ಮಣ್ಣಪಳ್ಳ_ದಂಡೆ:
ದಯವಿಟ್ಟು ಈಗಲೇ ಸೇರಿಸಬೇಡಿ ಮಾರಾಯ್ರೆ. ನಿಮ್ಮ ಫೋಟೋ ಬೆಳಗಿನ ಓರೆ ಬಿಸಿಲಿನದು. ಆ ಬೆಳಕಿನಲ್ಲಿ ಯಾವ ಕಂದು ಹಕ್ಕಿಯ ಬಾಲವೂ ಕೆಂಪಾಗಿಯೇ ಕಾಣುತ್ತದೆ.

ಬೆನ್ನನ್ನೂ ಬಾಲವನ್ನೂ ಒಟ್ಟಿಗೆ ನೋಡಿ. ಇಸಬೆಲಿನ್‌ನ ಬೆನ್ನು ಮರಳಿನ ಬಣ್ಣ. ಸೊಂಟದಿಂದ ಕೆಳಗೆ ಬಾಲ ಮಾತ್ರ ಎದ್ದು ಕಾಣುವ ಕೆಂಪು. ಕಂದು ಕಳಿಂಗದಲ್ಲಿ ನೆತ್ತಿಯಿಂದ ಬಾಲದವರೆಗೂ ಹೆಚ್ಚುಕಡಿಮೆ ಒಂದೇ ಕಂದು. ಬಲಿತ ಗಂಡು ಇಸಬೆಲಿನ್ ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಕಂದು ಕಳಿಂಗಕ್ಕೆ ಅದಿಲ್ಲ. ಆದರೆ ಹೆಣ್ಣು ಇಸಬೆಲಿನ್‌ಗೂ ಮಚ್ಚೆ ಸರಿಯಾಗಿ ಇರುವುದಿಲ್ಲ, ಹಾಗಾಗಿ ಮಚ್ಚೆ ಕಾಣಲಿಲ್ಲ ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ಪಕ್ಕೆಯ ಸಣ್ಣ ಗೆರೆಗಳನ್ನೂ ನಂಬಬೇಡಿ, ಎರಡರ ಮರಿಗಳಿಗೂ ಅವು ಇರುತ್ತವೆ.

ಬಾಲದ ಅಡಿಭಾಗದ ಫೋಟೋ ಸಿಗುತ್ತದಾ? ಕಂದು ಕಳಿಂಗದ ಬಾಲ ಸಪೂರ, ಅಂಚಿನ ಗರಿಗಳು ನಡುವಿನವಕ್ಕಿಂತ ಬಹಳ ಗಿಡ್ಡ.

ಕಟಪಾಡಿ_ಗದ್ದೆಮನೆ:
ಮೋಡ ಇದ್ದಾಗ ತೆಗೆದದ್ದು ಹಾಕಿದ್ದೇನೆ. ಮಿಡತೆ ಹಿಡಿಯಲು ನೆಲಕ್ಕೆ ಇಳಿದು ಮೇಲೆ ಬಂದ ಕ್ಷಣ. ಬೆನ್ನು, ಬಾಲ ಒಂದೇ ಬಣ್ಣ. ಅಂಚಿನ ಗರಿ ಗಿಡ್ಡವೇ.

ಮಣ್ಣಪಳ್ಳ_ದಂಡೆ:
ಎಷ್ಟು ಚಂದದ ಫೋಟೋ! ಕಂದು ಕಳಿಂಗವೇ, ಅನುಮಾನ ಬೇಡ. ಆಪ್ ತಡವರಿಸುವುದು ಸಹಜ. ಇವೆರಡನ್ನೂ ಯುರೋಪಿನ ಕೆಂಪು ಬೆನ್ನಿನ ಕಳಿಂಗದ (ರೆಡ್ ಬ್ಯಾಕ್ಡ್ ಶ್ರೈಕ್) ಜೊತೆ ಒಂದೇ ಜಾತಿ ಅಂತ ಹಿಂದೆ ಕೆಲವರು ಲೆಕ್ಕ ಹಾಕಿದ್ದರು, ಅಷ್ಟು ಹತ್ತಿರದ ನಂಟು. ಚಳಿಗಾಲಕ್ಕೆ ಇಸಬೆಲಿನ್ ಇಳಿಯುವುದು ಜಾಸ್ತಿ ರಾಜಸ್ಥಾನ, ಗುಜರಾತಿನ ಒಣ ಬಯಲಿಗೆ. ಸೈಬೀರಿಯಾ ಕಡೆಯಿಂದ ಬರುವ ಕಂದು ಕಳಿಂಗಕ್ಕೆ ನಮ್ಮಂಥ ಹಸಿರು ಊರೇ ಇಷ್ಟ. ಆದರೂ ಊರು ನೋಡಿ ಹೆಸರಿಡಬೇಡಿ, ಗರಿ ನೋಡಿಯೇ ಇಡಿ. ದಾರಿ ತಪ್ಪಿದ ಹಕ್ಕಿ ಎಲ್ಲಿಗೂ ಬರಬಹುದು ಅಲ್ವಾ?

ಕಾಪು_ಅಕ್ಕ:
ಬೇಲಿ ಸವರುವ ಯೋಚನೆ ಇದ್ದರೆ ಮೇ ತಿಂಗಳಿಗೆ ಇಟ್ಟುಕೊಳ್ಳಿ ತಮ್ಮಾ. ಚಳಿಗಾಲ ಪೂರ್ತಿ ತನ್ನ ಜಾಗಕ್ಕೆ ಬೇರೆ ಕಳಿಂಗವನ್ನು ಬಿಟ್ಟುಕೊಡದ ಹಕ್ಕಿ ಅದು. ಮುಂದಿನ ವರ್ಷವೂ ಅದೇ ಬೇಲಿಗೆ ಬರಬಹುದು.