ಪ್ಯಾರಾಮೋಟಾರ್ ಫಾರ್ವರ್ಡ್ ಲಾಂಚ್ (ಮುಂದಕ್ಕ ಓಡಿ ರೆಕ್ಕೆ ಎತ್ತೋದು): ರೆಕ್ಕೆ ಅರ್ಧಕ್ಕೇ ನಿಲ್ತದ, ಮ್ಯಾಲ ಬಂದ್ರ ಎಡಕ್ಕ ಹೋಗ್ತದ

ಎರೆಹೊಲ:
ಪ್ಯಾರಾಮೋಟಾರ್ (ಬೆನ್ನಿಗೆ ಮೋಟಾರ್ ಕಟ್ಕೊಂಡು ಬಟ್ಟಿ ರೆಕ್ಕೆಯಿಂದ ಹಾರೋದು) ಕಲಿಲತ್ತೀನಿ. ಬರೀ ರೆಕ್ಕೆ ಹಿಡಿದು ನೆಲದ ಮ್ಯಾಲ ಆಡಿಸೋದು 12 ತಾಸು ಆಗ್ಯದ. ತರಬೇತುದಾರರ ಎದುರು ಮೋಟಾರ್ ಹೊತ್ತು ಲಾಂಚ್ ಮಾಡೋದು ಈ ವಾರ ಶುರು. ಜಾಗ ಕಲಬುರಗಿ–ಜೇವರ್ಗಿ ನಡುವಿನ ಎರೆ ಹೊಲ, ತೊಗರಿ ಕೊಯ್ದದ್ದು. ಮುಂಜಾನೆ 7 ಗಂಟೆ, ಗಾಳಿ ತಾಸಿಗೆ 3–5 ಕಿ.ಮೀ. ನನ್ನ ತೂಕ 78 ಕೆ.ಜಿ., ಮೋಟಾರ್ 27, ಪೆಟ್ರೋಲ್ 5 ಲೀಟರ್. ರೆಕ್ಕೆ 26 ಚದರ ಮೀಟರ್, ಅದರ ಮಿತಿ 90–120 ಕೆ.ಜಿ.

ಹತ್ತು ಸಲದಾಗ ಆರು ಸಲ ರೆಕ್ಕೆ ಅರ್ಧ ಏರಿ ಹಿಂದ ಎಳೀತದ. ಥ್ರಾಟಲ್ (ಮೋಟಾರಿನ ಬಲ ಏರಿಸೋ ಹಿಡಿಕಿ) ಒತ್ತಿದ್ರೂ ಏಳಲ್ಲ. ಉಳಿದ ನಾಕು ಸಲನೂ ಎಡಕ್ಕೇ ವಾಲ್ತು. ಅದರಾಗ ಎರಡು ಸಲ ಕೆಳಗ ಓಡಿ ನೆಟ್ಟಗ ಮಾಡ್ಕೊಂಡೆ, ಆದ್ರ ಥ್ರಾಟಲ್ ಕೊಟ್ಟ ಕೂಡಲೇ ಮೊಣಕಾಲ ಊರಿಬಿಟ್ಟೆ. ಯಾವುದರಿಂದ ತಿದ್ಲಿ?

ಭೀಮಾತೀರ:
ತೂಕ ಸರಿ ಅದ. ರೆಕ್ಕೆ, ಹೆಲ್ಮೆಟ್ ಎಲ್ಲ ಸೇರಿ 117ರ ಹತ್ತಿರ ಬರ್ತದ. ಮಿತಿಯ ಮ್ಯಾಲಿನ ತುದಿ ಆದ್ದರಿಂದ ಓಟ ಜಾಸ್ತಿ ಬೇಕು, ಅಷ್ಟೇ.

ಮೊದಲು ಥ್ರಾಟಲ್ ಬಿಡ್ರಿ. ಹಿಂದ ಬಿದ್ದ ರೆಕ್ಕೆನ ಮೋಟಾರ್ ಎತ್ತಲ್ಲ. ರೆಕ್ಕೆ ಹಿಂದಿದ್ದಾಗ ದಾರಗಳು ಕೇಜಿನ (ಪ್ರೊಪೆಲ್ಲರ್ ಸುತ್ತಿನ ಚೌಕಟ್ಟು) ಮ್ಯಾಲ ಸಡಿಲ ಬೀಳ್ತಾವ, ಆವಾಗ ಪ್ರೊಪೆಲ್ಲರ್ ಜೋರಾಗಿ ತಿರುಗ್ತಿದ್ರ ದಾರ ಒಳಗ ಎಳ್ಕೋತದ. ಒಂದು ದಾರ ಹೋದ್ರೂ ರೆಕ್ಕೆ, ಪ್ರೊಪೆಲ್ಲರ್ ಎರಡೂ ಹಾಳು.

ಅರ್ಧಕ್ಕ ನಿಲ್ಲೋಕ ಎಲ್ಲಕ್ಕಿಂತ ದೊಡ್ಡ ಕಾರಣ ಓಟ ನಿಧಾನ ಆಗೋದು. ಎಳೆತ ಬಂದ ಗಳಿಗಿಗೆ ಎಲ್ಲರೂ ಹೆಜ್ಜೆ ತಗ್ಗಿಸ್ತಾರ, ಅಲ್ಲೇ ಹೆಜ್ಜೆ ಹೆಚ್ಚಬೇಕು. ಎರಡನೇದು, ರೆಕ್ಕೆಯ ಮುಂದಿನ ದಾರಗಳು ಕೂಡೋ ಪಟ್ಟಿ, ಅಂದ್ರ ಎ ರೈಸರ್‌ನ ತೋಳಿನ ಬಲದಿಂದ ಮುಂದಕ್ಕ ಜಗ್ಗೋದು. ಮುಂದಿನ ಅಂಚು ಮಡಚಿ ಗಾಳಿ ಒಳಗ ಹೋಗೋದೇ ನಿಲ್ತದ. ತೋಳು ಹಿಂದ, ಅಂಗೈ ಮ್ಯಾಲ. ರೈಸರ್ ಕೈ ಮ್ಯಾಲ ಕೂತಿರಲಿ, ಎದಿ ಹಾರ್ನೆಸ್ (ಮೈಗೆ ಕಟ್ಟೋ ಪಟ್ಟಿ) ತಳ್ಳಲಿ. ರೆಕ್ಕೆ ತಲಿ ಮ್ಯಾಲ ಬರೋತನಕ ಕೈ ಅದರ ಜೋಡಿ ಏರ್ತಾ ಹೋಗಬೇಕು, ನಡಬರಕ ಬಿಡಬಾರದು. ಮೂರನೇದು ಗೊತ್ತಾಗದೇ ಬ್ರೇಕ್ (ರೆಕ್ಕೆಯ ಹಿಂದಿನ ಅಂಚು ಕೆಳಗ ಎಳೆಯೋ ಹಿಡಿಕಿ) ಜಗ್ಗೋದು: ಕೈ ಮುಷ್ಟಿ ಮಾಡಿ ಓಡಿದ್ರ ಪ್ರತಿ ಹೆಜ್ಜೆಗೆ ಬ್ರೇಕ್ ಕೆಳಗ ಬರ್ತದ.

ಮುಂಜಾನೆ 7ಕ್ಕ ಅಂದ್ರ ಇಬ್ಬನಿನೂ ಇರ್ತದ. ಒದ್ದಿ ರೆಕ್ಕೆ ಭಾರ ಆಗಿ ಹಿಂದೇ ಉಳೀತದ. ಅದು ಹಾರಿದ್ರೂ ಸ್ಟಾಲ್ (ರೆಕ್ಕೆ ಎತ್ತೋ ಬಲ ಕಳ್ಕೊಳ್ಳೋದು) ಲಗೂನ ಆಗ್ತದ, ಅದಕ್ಕ ಒದ್ದಿ ರೆಕ್ಕೆ ಮ್ಯಾಲ ಹಾರಬ್ಯಾಡ್ರಿ. ತಾಡಪತ್ರಿ ಹಾಸಿ ಅದರ ಮ್ಯಾಲ ಬಿಚ್ರಿ, ನೆಲ ಒಣಗೋತನಕ ತಡೀರಿ.

ಕೆಂಪುಕಲ್ಲು:
ಎಡಕ್ಕ ಹೋಗೋದು ಥ್ರಾಟಲ್ ಕೊಡೋಕ ಮೊದಲೋ ಆಮ್ಯಾಲೋ? ಇದೊಂದು ಹೇಳ್ರಿ. ಹಿಂದಿಂದ ನೋಡಿದ್ರ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿಗೆ ತಿರುಗೋ ಮೋಟಾರ್, ಚಾಲಕನ್ನ ಎಡಕ್ಕ ತಿರುಚ್ತದ. ಆದ್ರ ಅದು ಬಲ ಬಂದ ಮ್ಯಾಲ ಮಾತ್ರ. ಮೊದಲೇ ವಾಲ್ತಿದ್ರ ಮೋಟಾರಿನ ತಪ್ಪಲ್ಲ.

ಎರೆಹೊಲ:
ಮೊದಲೇ ಅಕ್ಕಾ. ಥ್ರಾಟಲ್ ಮುಟ್ಟಿರ್ಲಿಲ್ಲ.

ಕೆಂಪುಕಲ್ಲು:
ಹಂಗಾದ್ರ ಮೋಟಾರ್ ಇಳಿಸಿ, ಬರೀ ಹಾರ್ನೆಸ್ ಮ್ಯಾಲ ತಾಸಿಗೆ 10–12 ಕಿ.ಮೀ. ಸಮನಾದ ಗಾಳಿಯಾಗ ರಿವರ್ಸ್ ಮಾಡಿ (ರೆಕ್ಕೆ ಕಡೆ ಮುಖ ಮಾಡಿ) ರೆಕ್ಕೆ ಎತ್ತಿ ನೋಡ್ರಿ. ಆವಾಗಲೂ ಎಡಕ್ಕ ಹೋದ್ರ ದೋಷ ರೆಕ್ಕೆಯಾಗ, ರೈಸರ್‌ನಾಗ. ನೆಟ್ಟಗ ನಿಂತ್ರ ದೋಷ ನೀವು ಹಾಸೋದ್ರಾಗ, ಓಡೋದ್ರಾಗ: ರೆಕ್ಕೆ ನಡು ಬಿಟ್ಟು ನಿಂತಿರ್ತೀರಿ, ಇಲ್ಲಾಂದ್ರ ಗಾಳಿ ಓರೆ ಇರ್ತದ. 2 ಮೀಟರ್ ಕೋಲಿಗೆ ರಿಬ್ಬನ್ ಕಟ್ಟಿ ಓಡೋ ದಾರಿಯ ಪಕ್ಕ ನೆಡ್ರಿ. ಧೂಳು ತೂರಿ ನೋಡಿದ್ರ ಆ ಒಂದು ಗಳಿಗಿಯ ಗಾಳಿ ಅಷ್ಟೇ ತಿಳೀತದ.

ಅದಕ್ಕೂ ಮುಂಚೆ ಎರಡೂ ಟ್ರಿಮ್ಮರ್ ಪಟ್ಟಿ (ರೆಕ್ಕೆಯ ಆ ಬದಿಯ ವೇಗ ಹೆಚ್ಚು ಕಡಿಮಿ ಮಾಡೋವು) ಹೊಲಿಗಿ ಗುರುತಿನಿಂದ ಅಳತಿ ಮಾಡ್ರಿ. ಅದು ಎರಡು ನಿಮಿಷದ ಕೆಲಸ.

ಎರೆಹೊಲ:
ಅಳದೆ. ಎಡಗಡಿ ಟ್ರಿಮ್ಮರ್ ಬಲಗಡಿಗಿಂತ 2 ಸೆಂ.ಮೀ. ಜಾಸ್ತಿ ಒಳಗ ಅದ!

ಕೆಂಪುಕಲ್ಲು:
ಸಿಕ್ತು ನೋಡ್ರಿ. ಎಡ ಭಾಗ ನಿಧಾನ ಆದ್ದರಿಂದ ಆ ಕಡೆನೇ ತಿರುಗ್ತದ. ಎರಡನ್ನೂ ಮ್ಯಾನುಯಲ್‌ನಾಗ ಟೇಕಾಫ್‌ಗೆ ಹೇಳಿದ ಗುರುತಿಗೆ ತರ್ರಿ. ಬಕಲ್‌ನಾಗ ಮಣ್ಣು ಕೂತ್ರ ಪಟ್ಟಿ ಜಾರ್ತದ, ಬ್ರಷ್‌ನಿಂದ ಸ್ವಚ್ಛ ಮಾಡ್ರಿ. ಇದಾದ ಮ್ಯಾಲೂ ಸ್ವಲ್ಪ ವಾಲಿದ್ರ, ವಾಲಿದ ಕಡೆಗೇ ಓಡಿ ರೆಕ್ಕೆಯ ನಡುವಿಗೆ ಹೋಗ್ರಿ, ಎದುರು ಬದಿ ಬ್ರೇಕ್ ಮೆತ್ತಗ ಮುಟ್ರಿ. ಬರೀ ಬ್ರೇಕಿನಿಂದ ತಿದ್ದಲಿಕ್ಕೆ ಹೋದ್ರ ವೇಗ ಸಾಯ್ತದ, ರೆಕ್ಕೆ ಮತ್ತ ಹಿಂದ ಬೀಳ್ತದ.

ಭೀಮಾತೀರ:
ಮೊಣಕಾಲ ಊರೋದಕ್ಕ: ನೀವು ಮುಂದ ಬಾಗಿ ಓಡ್ತಿದ್ದಾಗಲೇ ಬಲ ಬಂದದ. ಬೆನ್ನು ಬಾಗಿದ್ರ ಪ್ರೊಪೆಲ್ಲರ್ ನಿಮ್ಮನ್ನ ನೆಲಕ್ಕ ದಬ್ತದ. ರೆಕ್ಕೆ ಎಬ್ಬಿಸೋವಾಗ ಬಾಗೋದು ಸರಿ. ತಲಿ ಮ್ಯಾಲ ಬಂದ ಕೂಡಲೇ ಬ್ರೇಕ್ ಸ್ವಲ್ಪ ಮುಟ್ಟಿ ಮುಂದ ಹಾರದಂಗ ತಡೀರಿ, ಮ್ಯಾಲ ನೋಡ್ರಿ, ಎದಿ ಎತ್ರಿ, ಬೆನ್ನು ಮೋಟಾರಿಗೆ ಕೊಡ್ರಿ. ಆಮ್ಯಾಲ ಥ್ರಾಟಲ್, ಅದೂ 2–3 ಸೆಕೆಂಡಿನಾಗ ಏರಿಸ್ತಾ. ಅನುಭವ ಇದ್ದವರು ರೆಕ್ಕೆ 45 ಡಿಗ್ರಿ ದಾಟಿದಾಗಲೇ ಬಲ ಕೊಡ್ತಾರ. ಅದನ್ನ ನೋಡಿ ನೀವು ಈಗಲೇ ಮಾಡಬ್ಯಾಡ್ರಿ.

ಗಾಳಿ ಇಲ್ಲದ ದಿನ 30–40 ಹೆಜ್ಜೆ ಬೇಕಾಗ್ತದ. ಕಾಲು ನೆಲ ಬಿಟ್ಟ ಮ್ಯಾಲೂ ಗಾಳಿಯಾಗ ಓಡ್ತಾ ಇರ್ರಿ, ಕೂಡಬ್ಯಾಡ್ರಿ. ಅವಸರ ಮಾಡಿ ಕೂತವರು ಮತ್ತ ಕೆಳಗ ಬಂದಾಗ ಕಾಲಿನ ಬದಲು ಕೇಜ್ ನೆಲಕ್ಕ ಹೊಡೀತದ. ಲಾಂಚ್ ಕೆಟ್ಟಿತು ಅನ್ನಿಸಿದ್ರ ಮೊದಲು ಎಂಜಿನ್ ಬಂದ್ ಮಾಡೋ ಸ್ವಿಚ್, ಆಮ್ಯಾಲ ಪೂರ್ತಿ ಬ್ರೇಕ್. ಈ ಕ್ರಮ ತಿರುಗಾ ಮುರುಗಾ ಆಗಬಾರದು.

ಈಗ ಚಳಿಗಾಲ, ಆದ್ರ ಮಾರ್ಚ್ ದಾಟಿದ್ರ ಇದೇ ಹೊಲದಾಗ ಇದೇ ಓಟ ಸಾಲಲ್ಲ. ನಮ್ಮ ಕಲಬುರಗಿ ಸುಮಾರು 450 ಮೀಟರ್ ಎತ್ತರದಾಗ ಅದ. 18 ಡಿಗ್ರಿಗಿಂತ 40 ಡಿಗ್ರಿಯಾಗ ಗಾಳಿ ಸುಮಾರು 7% ತೆಳು ಆಗ್ತದ, ನೆಲ ಬಿಡೋ ವೇಗ 3–4% ಏರ್ತದ, ಎಂಜಿನ್ ಬಲನೂ ಇಳೀತದ. ಅದರ ಮ್ಯಾಲ ಎರೆ ಭೂಮಿ ಬಿರುಕು ಬಿಟ್ಟಿರ್ತದ, ಕಾಲು ಸಿಕ್ಕಿದ್ರ ಪಾದದ ಕೀಲು ಹೋಯ್ತು. ಬಿಸಿಲೇರಿದ ಮ್ಯಾಲ ಥರ್ಮಲ್ (ಮ್ಯಾಲ ಏಳೋ ಬಿಸಿ ಗಾಳಿ) ಬ್ಯಾರೆ, ಕಲಿಯೋರಿಗೆ ಅದು ಹೊತ್ತಲ್ಲ.

ಮರಡಿ:
ನಾವು ಬೀದರ್ ಕಡೆಯವರು. ಕೆಂಪು ನೆಲ ಗಟ್ಟಿ ಅದ, ಓಡ್ಲಿಕ್ಕೆ ಚಂದ. ಇಲ್ಲೇ ಕಲಿಬಹುದಾ?

ಕೆಂಪುಕಲ್ಲು:
ನೆಲ ಚಂದ, ಆಕಾಶ ನಮ್ಮದಲ್ಲ. ಬೀದರ್‌ದು ವಾಯುಪಡೆಯ ತರಬೇತಿ ನೆಲೆ, ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡದ ಮನಿನೂ ಅದೇ. ಅನುಮತಿ ಇಲ್ಲದೆ ಎತ್ತಲೇಬ್ಯಾಡ್ರಿ. ಕಲಬುರಗಿಯಲ್ಲೂ 2019ರ ನವೆಂಬರ್‌ನಿಂದ ಶ್ರೀನಿವಾಸ ಸರಡಗಿ ಕಡೆ ವಿಮಾನ ನಿಲ್ದಾಣ ಅದ, ಅದನ್ನೂ ಲೆಕ್ಕಕ್ಕ ತಗೋರಿ. ಮೋಟಾರ್ ಇಲ್ಲದೆ, ಕಾಲು ನೆಲದ ಮ್ಯಾಲೇ ಇಟ್ಟು ರೆಕ್ಕೆ ಆಡಿಸೋ ಅಭ್ಯಾಸನೂ ನೆಲೆಯಿಂದ ದೂರದ ಬಯಲಾಗ ಇರಲಿ.

ಎರೆಹೊಲ:
ಟ್ರಿಮ್ಮರ್ ಸಮ ಮಾಡಿದೆ, ಇವತ್ತು ನಾಕಕ್ಕ ನಾಕೂ ನೆಟ್ಟಗ ಬಂತು! ಆದ್ರ ಕಡೀ ಸಲ ಎಡ ತುದಿಯ ಒಂದು ದಾರ ತೊಗರಿ ಕೂಳಿಗೆ ಸಿಕ್ಕು ಮ್ಯಾಲಿನ ಹೊದಿಕಿ ಹರೀತು. ಒಳಗಿನ ಎಳಿ ಕಾಣ್ತದ. ಗಂಟು ಹಾಕಿದ್ರ ನಡೀತದಾ?

ಭೀಮಾತೀರ:
ನಡಿಯಲ್ಲ. ಗಂಟಿನ ಜಾಗದಾಗ ದಾರದ ಬಲ ಭಾಳ ಇಳೀತದ, ಉದ್ದನೂ ಸೆಂಟಿಮೀಟರ್ ಲೆಕ್ಕದಾಗ ಕಡಿಮಿ ಆಗಿ ಮತ್ತ ಎಡಕ್ಕ ವಾಲ್ತದ. ರೆಕ್ಕೆ ಮಾಡೆಲ್, ಅಳತಿ, ದಾರಗಳ ನಕ್ಷೆ ಅಂದ್ರ ಲೈನ್ ಪ್ಲಾನ್‌ನಾಗಿರೋ ಆ ದಾರದ ಸಂಖ್ಯೆ ಕೊಟ್ಟು ಅದೊಂದೇ ತರಿಸ್ರಿ. ಹಾಕಿದ ಮ್ಯಾಲ ಬಲಗಡಿಯ ಜೋಡಿ ದಾರದ ಪಕ್ಕ ಹಿಡಿದು ಉದ್ದ ತಾಳೆ ನೋಡ್ರಿ. ಹೊಸ ದಾರ ಬರೋತನಕ ಆ ರೆಕ್ಕೆ ಚೀಲದಾಗೇ ಇರಲಿ, ಹೊಲದಾಗಿನ ಕೂಳಿ ಕಿತ್ತು 60 ಮೀಟರ್ ದಾರಿ ಸ್ವಚ್ಛ ಮಾಡ್ಕೋರಿ.